ಮೊದಲ ಸ್ಟಾಪಿನ ಟಿಕೆಟ್

ಕಂಡಕ್ಟರಮ್ಮನಿಗೆ ವಿಮಾನದ ದರ ನೋಡುವ ಹುಚ್ಚು ಹಿಡಿದದ್ದು ಮಗಳ ದೆಸೆಯಿಂದ. ಮಗಳು ಟೇಬಲ್ ಟೆನ್ನಿಸ್ ಆಡುತ್ತಿದ್ದಳು. ಪರದೇಶದ ಮೂರು ಊರುಗಳಲ್ಲಿ ಒಂದರ ಬೆನ್ನಿಗೊಂದು ಮೂರು ಪಂದ್ಯಾವಳಿ ಇದ್ದವು. ಮೂರರಲ್ಲೂ ಆಡಿ ಬಂದರೆ ದೊಡ್ಡ ತರಬೇತಿ ಶಿಬಿರಕ್ಕೆ ಬೇಕಾದಷ್ಟು ಅಂಕ ಕೂಡಬಹುದಿತ್ತು. ಕಿರಿಯರ ವಿಭಾಗದಲ್ಲಿ ಅವಳಿಗೆ ಇದೇ ಕೊನೆಯ ವರ್ಷ. ಬೇರೆ ಊರಿನಿಂದ ತಂಡದ ಉಳಿದವರನ್ನು ಕರೆದುಕೊಂಡು ಹೊರಡಲಿದ್ದ ಕೋಚ್ ಮೇಡಂ ಬಿಡಿಸಿ ಹೇಳಿದ್ದರು: "ಊಟ, ವಸತಿ ಸಂಘದ್ದು. ವಿಮಾನ ಮಾತ್ರ ನಿಮ್ಮದು. ಮೊದಲನೇ ಊರಿಗೆ ಬಂದು ನಮ್ಮನ್ನ ಸೇರ್ಕೊಂಡ್ರೆ ಸಾಕು."

ಗಂಡ ತೀರಿಕೊಂಡ ಮೇಲೆ ಅವನ ಡಿಪೋದಲ್ಲೇ ಸಿಕ್ಕ ಕೆಲಸ ಅವಳದು. ಅಂದಿನಿಂದ ಹೆಗಲಿಗೆ ಚೀಲ, ಕೈಯಲ್ಲಿ ಟಿಕೆಟ್ ಮಷಿನ್. ಎರಡು ಟ್ರಿಪ್ಪುಗಳ ನಡುವೆ ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತು, ಒಂದು ಕೈಯಲ್ಲಿ ಊಟ, ಇನ್ನೊಂದು ಕೈಯಲ್ಲಿ ಫೋನ್. ಈ ಊರಿಂದ ಆ ಊರಿಗೆ, ಅಲ್ಲಿಂದ ಮತ್ತೊಂದಕ್ಕೆ, ಆಮೇಲೆ ವಾಪಸ್ಸು. ಬಿಡಿಬಿಡಿಯಾಗಿ ತಗೊಂಡರೆ ಒಂದು ಲೆಕ್ಕ, ಒಟ್ಟಿಗೆ ತಗೊಂಡರೆ ಇನ್ನೊಂದು. ಮಂಗಳವಾರ ಹೊರಟರೆ ಕಡಿಮೆ, ಆದರೆ ಗುರುವಾರ ವಾಪಸ್ಸಾದರೆ ಆ ಕಡಿಮೆಯೂ ಹೋಯಿತು. ಕೈ ತೊಳೆದು ಬರುವಷ್ಟರಲ್ಲಿ ದರ ಏರಿ ಕೂತಿರುತ್ತಿತ್ತು.

"ನೋಡಿ, ನೋಡಿ," ಎಂದು ಅವಳು ಡ್ರೈವರಿಗೆ ಫೋನ್ ತೋರಿಸುತ್ತಿದ್ದಳು. "ನಮ್ಮ ಬಸ್ಸಲ್ಲಿ ಹೀಗೆ ಗಳಿಗೆಗೊಂದು ರೇಟು ಹೇಳಿದ್ರೆ ಜನ ನನ್ನ ಜುಟ್ಟು ಕಿತ್ತು ಕೈಗೆ ಕೊಡ್ತಿದ್ರು."

"ನಿಮ್ಮ ಜುಟ್ಟಿಗೆ ಕೈ ಹಾಕೋ ಧೈರ್ಯ ಯಾರಿಗಿದೆ ಅಕ್ಕಾವ್ರೇ," ಎನ್ನುತ್ತಿದ್ದ ಡ್ರೈವರ್. ಆ ರೂಟಿನಲ್ಲಿ ಅವಳ ಬಾಯಿಗೆ ಹೆದರದವರು ಇರಲಿಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರನ್ನು ಅವಳು ಸುಮ್ಮನೆ ಇಳಿಸುತ್ತಿರಲಿಲ್ಲ. ಇಡೀ ಬಸ್ಸು ಕೇಳುವಂತೆ ಮಾತಾಡಿಸಿ ಇಳಿಸುತ್ತಿದ್ದಳು.

ಅವಳ ತಮ್ಮ ಒಂದು ಟ್ರಾವೆಲ್ಸ್ ಆಫೀಸಿನಲ್ಲಿದ್ದ. ಕೇಳದೆಯೇ ಒಂದು ದರ ಹೇಳಿ ಕಳಿಸಿದ. ಅದನ್ನು ನೋಡಿ ಅಕ್ಕ ಫೋನ್ ಮಾಡಿದಳು.

"ಇದರಲ್ಲಿ ನಿನ್ನ ಕಮಿಷನ್ ಎಷ್ಟೋ?"

"ಅಕ್ಕಾ, ನಿನ್ನ ಮಗಳ ಟಿಕೆಟ್ಟಲ್ಲಿ ನಾನು ಕಮಿಷನ್ ಹೊಡೀತೀನಾ?"

"ಟೈ ಕಟ್ಕೊಂಡವರನ್ನ ನಂಬೋಕಾಗಲ್ಲಪ್ಪ. ಬಿಡು, ನಾನೇ ನೋಡ್ಕೋತೀನಿ. ದಿನಾ ಸಾವಿರ ಟಿಕೆಟ್ ಹರಿಯೋಳಿಗೆ ಇದೊಂದು ಲೆಕ್ಕಾನಾ?"

ಕೊನೆಗೆ ಅವಳ ಕಣ್ಣಿಗೆ ಅದು ಬಿತ್ತು. ಒಂದು ರಾತ್ರಿ ಬಸ್ಸಿನಷ್ಟು ದೂರದಲ್ಲಿದ್ದ ಸಣ್ಣ ಪಟ್ಟಣವೊಂದರಲ್ಲಿ ಹೊಸದಾಗಿ ವಿಮಾನ ನಿಲ್ದಾಣವಾಗಿತ್ತು. ಜನರನ್ನು ಸೆಳೆಯಲೆಂದು ಕಂಪನಿ ಅಲ್ಲಿಂದ ದರ ಇಳಿಸಿತ್ತು. ಬೆಳಿಗ್ಗೆ ಆ ಪಟ್ಟಣದಿಂದ ಹೊರಟು ಇವಳದೇ ಊರಿಗೆ ಬರುವುದು, ಸಂಜೆ ಇಲ್ಲಿಂದ ಪರದೇಶಕ್ಕೆ ಹಾರುವುದು. ಸಂಜೆಯ ವಿಮಾನ ಅದೇ, ಮುಂದಿನ ಮೂರು ಊರೂ ಅವೇ. ಆದರೆ ಇಲ್ಲಿಂದ ಶುರು ಮಾಡಿದರೆ ಇದ್ದ ಮೊತ್ತ, ಅಲ್ಲಿಂದ ಶುರು ಮಾಡಿದರೆ ಮೂರನೇ ಒಂದು ಪಾಲು ಇಳಿದುಹೋಗುತ್ತಿತ್ತು.

ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ಮೊದಲ ಸ್ಟಾಪಿನಿಂದ ಟಿಕೆಟ್ ಮಾಡಿಸಿ ಎರಡನೇ ಸ್ಟಾಪಿನಲ್ಲಿ ಹತ್ತಿದವನನ್ನು ಯಾವ ಕಂಡಕ್ಟರ್ ಕೆಳಗಿಳಿಸುತ್ತಾನೆ? ಮುಂದಿನ ಸ್ಟಾಪಿನಿಂದ ಟಿಕೆಟ್ ಮಾಡಿಸಿ ಹಿಂದಿನ ಸ್ಟಾಪಿನಲ್ಲೇ ಹತ್ತಿದರೆ ಮೋಸ. ಇದು ಉಲ್ಟಾ. ಕೊಟ್ಟ ದುಡ್ಡಿಗಿಂತ ಕಡಿಮೆ ದೂರ ಹೋಗುತ್ತಾರೆ, ಅಷ್ಟು ಹೊತ್ತು ಸೀಟು ಖಾಲಿ, ಲಾಭ ಬಸ್ಸಿನವರಿಗೇ. ಪಂದ್ಯಕ್ಕೆ ಹೋಗುವ ಹುಡುಗಿ ರಾತ್ರಿಯೆಲ್ಲ ನಿದ್ದೆಗೆಟ್ಟು ಆ ಪಟ್ಟಣಕ್ಕೆ ಹೋಗಿ ಮತ್ತೆ ಇಲ್ಲಿಗೇ ಯಾಕೆ ಬರಬೇಕು? ಆರಾಮಾಗಿ ಮನೆಯಲ್ಲಿ ಮಲಗಿದ್ದು ಸಂಜೆ ಇಲ್ಲಿಯೇ ಹತ್ತಲಿ.

ಟಿಕೆಟ್ ಆಯಿತೆಂದು ತಿಳಿದು ತಮ್ಮ ಕೇಳಿದ: "ಎಲ್ಲಿಂದ ಮಾಡಿದ್ದೀಯ ಅಕ್ಕಾ?"

"ಇಲ್ಲಿಂದಲೇ ಕಣೋ. ಇನ್ನೆಲ್ಲಿಂದ?"

"ಅಷ್ಟು ಕಮ್ಮಿಗೆ ಹೇಗೆ ಸಿಕ್ತು? ಒಂದ್ಸಲ ಕಳಿಸು, ನೋಡ್ತೀನಿ."

"ಕಳಿಸಿದ್ರೆ ಕಲಿತುಬಿಡ್ತೀಯ. ಆಮೇಲೆ ನಿಮ್ಮ ಆಫೀಸಿಗೆ ಬೀಗ."

ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಅವಳು ಈ ಉಪಾಯವನ್ನು ಟೀ ಲೋಟ ಮೇಜಿನ ಮೇಲೆ ಜರುಗಿಸಿ ಜರುಗಿಸಿ ವಿವರಿಸಿದಳು. ಈ ಲೋಟ ಪಟ್ಟಣ, ಈ ಲೋಟ ನಮ್ಮೂರು. ಕೇಳಿದವರೆಲ್ಲ ತಲೆದೂಗಿದರು. ಡ್ರೈವರಂತೂ ಬೆನ್ನು ಬಿಡಲಿಲ್ಲ. ಅವನ ಅಕ್ಕನಿಗೆ ಇಬ್ಬರು ಗಂಡುಮಕ್ಕಳು, ಪರದೇಶದಲ್ಲಿ ಒಬ್ಬೊಬ್ಬರು ಒಂದೊಂದು ಊರಲ್ಲಿದ್ದರು. ಅವರನ್ನು ನೋಡಲು ಅವಳು ಮುಂದಿನ ತಿಂಗಳು ಹೋಗುವವಳಿದ್ದಳು. "ನಮ್ಮಕ್ಕನಿಗೂ ಒಂದು ಹಾಗೇ ಹರಿದುಕೊಡಿ," ಎಂದ. ಕಂಡಕ್ಟರಮ್ಮ ಅಲ್ಲೇ ಕೂತು ಅದನ್ನೂ ಮಾಡಿಕೊಟ್ಟಳು, ಅದೇ ಪಟ್ಟಣದಿಂದ.

ಮಗಳು ಹೊರಡುವ ದಿನ ಬೆಳಿಗ್ಗೆ, ಕಿಕ್ಕಿರಿದ ಬಸ್ಸಿನಲ್ಲಿ ಫೋನ್ ಕುಣಿಯಿತು. ನಿಮ್ಮ ವಿಮಾನ ಹೊರಡಲು ಸಿದ್ಧವಾಗಿದೆ, ದಯವಿಟ್ಟು ಬೇಗ ಬನ್ನಿ ಎಂಬ ಸಂದೇಶ. "ನೀವು ನಡೀರಿ, ನಾವು ಮುಂದಿನ ಸ್ಟಾಪಲ್ಲಿ ಹತ್ತುತೀವಿ," ಎಂದು ಫೋನಿಗೇ ಹೇಳಿ "ರೈಟ್" ಎಂದು ಕೂಗಿದಳು.

ಸಂಜೆ ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ನೋಡಿದಳು, ಪರದೆ ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು.

"ಬೆಳಗಿನ ವಿಮಾನಕ್ಕೆ ಇವರು ಬಂದಿಲ್ಲ ಅಂತ ತೋರಿಸ್ತಿದೆ ಮೇಡಂ."

"ಹೌದಮ್ಮಾ, ಅದು ಬೇಡ. ಇಲ್ಲಿಂದ ಹತ್ತುತಾಳೆ."

"ಹಾಗಾಗಲ್ಲ. ಮೊದಲನೇದು ಹತ್ತದೇ ಇದ್ರೆ ಮುಂದಿಂದೆಲ್ಲ ತಾನಾಗೇ ರದ್ದಾಗುತ್ತೆ. ಟಿಕೆಟ್ ಮಾಡುವಾಗಲೇ ಬರೆದಿರುತ್ತೆ."

"ದುಡ್ಡು ಪೂರ್ತಿ ಕೊಟ್ಟಿದೀನಲ್ಲಾ? ಅಲ್ಲಿಂದ ಇಲ್ಲಿವರೆಗೆ ಸೀಟು ಖಾಲಿ ಬಿಟ್ಟಿದ್ದೀವಿ, ನಿಮಗೇ ಲಾಭ."

"ರೂಲ್ಸ್ ಮೇಡಂ."

ಆ ದನಿಯನ್ನು ಕಂಡಕ್ಟರಮ್ಮ ಗುರುತಿಸಿದಳು. ಸಿಟ್ಟಿಲ್ಲದ, ಕರುಣೆಯೂ ಇಲ್ಲದ, ಸಾವಿರ ಸಲ ಹೇಳಿ ನುಣುಪಾದ ದನಿ. ಅವಳದೇ ದನಿ. ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ ಟ್ರಾಲಿಯನ್ನು ಬೇಕೆಂದೇ ಸದ್ದು ಮಾಡಿ ಜರುಗಿಸಿದರು. ಆಗ ಅವಳ ಬಾಯಿಂದ ಅದು ಹೊರಬಿತ್ತು.

"ಬೆಳಿಗ್ಗೆ ಮಗುಗೆ ವಿಪರೀತ ಜ್ವರ ಕಣಮ್ಮ. ಮೇಲೇಳೋಕೇ ಆಗ್ಲಿಲ್ಲ. ಆಸ್ಪತ್ರೆಗೆ ಹೋಗಿ ಬರೋ ಹೊತ್ತಿಗೆ..."

ಪರ್ಸು ಕಳೆದುಹೋಯಿತು ಎನ್ನುವವರು, ಪಾಸು ಮನೆಯಲ್ಲಿ ಮರೆತೆ ಎನ್ನುವವರು, ಮೀಸೆ ಮೂಡಿದ ಮಗನಿಗೆ ಅರ್ಧ ಟಿಕೆಟ್ ಕೇಳುವವರು. ಇಷ್ಟು ವರ್ಷ ಅವರೆಲ್ಲರ ಮುಖವನ್ನು ಅವಳು ಹತ್ತಿರದಿಂದ ನೋಡಿದ್ದಳು. ಈಗ ಅದೇ ಮುಖ ತನಗೆ ಬಂದಿರಬೇಕು ಎನ್ನಿಸಿದರೂ ಮಾತು ನಿಲ್ಲಲಿಲ್ಲ.

ಕೌಂಟರಿನ ಹುಡುಗಿ ಸ್ವಲ್ಪ ಮೆತ್ತಗಾದಳು. "ಡಾಕ್ಟರ್ ಚೀಟಿ ಇದ್ರೆ ಕೊಡಿ. ಮೇಲಿನವರನ್ನ ಕೇಳಿ ನೋಡ್ತೀನಿ."

ಕಂಡಕ್ಟರಮ್ಮ ಚೀಲಕ್ಕೆ ಕೈಹಾಕಿ, ಇಲ್ಲದ ಚೀಟಿಯನ್ನು ಹುಡುಕತೊಡಗಿದಳು.

"ನನಗೆ ಜ್ವರ ಬಂದಿರಲಿಲ್ಲ," ಎಂದಳು ಮಗಳು. ತಂಡದ ಹೊಸ ನೀಲಿ ಅಂಗಿ ತೊಟ್ಟು, ಬ್ಯಾಟಿನ ಚೀಲ ಎದೆಗವುಚಿಕೊಂಡು ನಿಂತಿದ್ದಳು. "ಅಮ್ಮನಿಗೆ ಗೊತ್ತಾಗದೆ ಹೀಗಾಗಿದೆ. ಬೇರೆ ಏನಾದ್ರೂ ದಾರಿ ಇದೆಯಾ ಮೇಡಂ?"

ಕೌಂಟರಿನ ಹುಡುಗಿ ತಾಯಿಯ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ನೋಡಿದ್ದಕ್ಕಿಂತ ಹೆಚ್ಚಾಯಿತು. "ಹೊಸ ಟಿಕೆಟ್ ತಗೋಬೇಕಾಗುತ್ತೆ. ಇವತ್ತಿನದು ಭರ್ತಿಯಾಗಿದೆ," ಎಂದು ಮಗಳಿಗೆ ಹೇಳಿ, "ಸ್ವಲ್ಪ ಪಕ್ಕಕ್ಕೆ ಬನ್ನಿ. ಹಿಂದಿನವರಿಗೆ ದಾರಿ ಬಿಡಿ," ಎಂದಳು.

ಗೋಡೆಯ ಪಕ್ಕ ಸೂಟ್‌ಕೇಸಿನ ಮೇಲೆ ಕೂತು ಮಗಳು ಬಹಳ ಹೊತ್ತು ಬೂಟಿನ ದಾರ ಬಿಚ್ಚಿ ಕಟ್ಟಿ ಮಾಡಿದಳು. ಆಮೇಲೆ ಕೇಳಿದಳು: "ಅಮ್ಮ, ನಿನ್ನ ಫ್ಯಾಮಿಲಿ ಪಾಸಲ್ಲಿ ನಿನ್ನೆ ರಾತ್ರಿ ಬಸ್ಸಿಗೆ ಹೋಗಿ ಅಲ್ಲೇ ಹತ್ತಬಹುದಿತ್ತಲ್ವಾ? ಪುಕ್ಕಟೆ?"

"ನಿನ್ನ ನಿದ್ದೆ ಕೆಡುತ್ತೆ ಅಂತ..."

"ಬಸ್ಸಲ್ಲಿ ನಾನು ಯಾವಾಗ ನಿದ್ದೆ ಮಾಡಿಲ್ಲ ಹೇಳು. ಚಿಕ್ಕೋಳಿದ್ದಾಗಿಂದ ನಿನ್ನ ಬಸ್ಸಲ್ಲೇ ಅಲ್ವಾ ಮಲಗಿದ್ದು?"

ಮಗಳು ಮಾವನ ನಂಬರ್ ಒತ್ತಿ ಫೋನನ್ನು ತಾಯಿಯ ಕೈಗೆ ಕೊಟ್ಟಳು. "ನೀನೇ ಹೇಳು."

ಹೇಳಿದಳು. ಜ್ವರದ ಮಾತೊಂದು ಬಿಟ್ಟು ಎಲ್ಲ ಹೇಳಿದಳು. ತಮ್ಮ ಆಚೆಯಿಂದ ಉಸಿರೆಳೆದುಕೊಂಡದ್ದು ಕೇಳಿಸಿತು.

"ಬೈಯೋ ಮಾರಾಯ. ಏನಾದ್ರೂ ಅನ್ನು," ಎಂದಳು.

"ಪಾಸ್‌ಪೋರ್ಟಿನ ಫೋಟೋ ಕಳಿಸು ಅಕ್ಕಾ," ಎಂದನಷ್ಟೇ. ಟೈಯ ಬಗ್ಗೆ, ಆಫೀಸಿನ ಬೀಗದ ಬಗ್ಗೆ ಅವನು ಒಂದೇ ಒಂದು ಕುಹಕ ಆಡಿದ್ದರೂ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಎಲ್ಲೆಲ್ಲೋ ಹುಡುಕಿ ಅವನು ಎರಡನೇ ಊರಿಗೆ ನೇರ ಹೋಗಿ, ಮೂರನೆಯದನ್ನೂ ಮುಗಿಸಿ ವಾಪಸ್ಸಾಗುವ ಟಿಕೆಟ್ ಹೊಂದಿಸಿದ. ಮೊದಲನೇ ಊರು ಕೈಬಿಟ್ಟಿತು. ಅಲ್ಲಿ ಮಗಳ ಜೊತೆ ಡಬಲ್ಸ್ ಆಡಬೇಕಿದ್ದ ಇನ್ನೊಬ್ಬ ಹುಡುಗಿಯ ಆಟವೂ ಹೋಯಿತು. ಆ ಹುಡುಗಿಯ ತಾಯಿಗೆ ಫೋನ್ ಮಾಡಿ ಏನು ಹೇಳಬೇಕೆಂದು ಕಂಡಕ್ಟರಮ್ಮ ಎರಡು ದಿನ ಯೋಚಿಸಿದಳು. ಮಾಡಲಿಲ್ಲ.

ಈ ಸಲ ತಮ್ಮನೂ ವಿಮಾನ ನಿಲ್ದಾಣಕ್ಕೆ ಬಂದ. ಒಳಗೆ ಹೋಗುವ ಮುಂಚೆ ಮಗಳು ತಾಯಿಯನ್ನು ತಬ್ಬಿಕೊಂಡು, ಸಿಟ್ಟಿನ ಸುಳಿವೂ ಇಲ್ಲದ ದನಿಯಲ್ಲಿ ಹೇಳಿದಳು: "ವಾಪಸ್ ಬರೋವಾಗ ಏನಾದ್ರೂ ಬದಲಾಯಿಸಬೇಕಾದ್ರೆ ನಾನು ಮಾವನ್ನೇ ಕೇಳ್ತೀನಿ ಅಮ್ಮ. ನೀನು ನೋಡೋಕೆ ಹೋಗಬೇಡ."

ಡಿಪೋದಲ್ಲಿ ಎಲ್ಲರೂ ಕೇಳಿದರು: "ಮಗಳು ಹಾರಿದಳಾ?"

"ಹೂಂ, ಹಾರಿದಳು."

"ಉಪಾಯ ಫಲಿಸ್ತಾ?"

"ಮತ್ತೇನು," ಎಂದಳು. ಹಾಗೆಂದು ಟೀ ಕುಡಿದು ಬಂದಳು. ದಿನವೂ ಹಾಗೆಯೇ ಬಂದಳು. ರೂಟಿನಲ್ಲಿ ಅವಳ ಬಾಯಿ ಮಾತ್ರ ಕಟ್ಟಿಹೋಗಿತ್ತು. ದೊಡ್ಡ ಹುಡುಗನೊಬ್ಬನಿಗೆ ಅವನ ತಾಯಿ ಅರ್ಧ ಟಿಕೆಟ್ ಕೇಳಿದಾಗ, ಅವನ ಮುಖ ನೋಡದೆ, ಪೂರ್ತಿ ಟಿಕೆಟ್ ಹರಿದು ಮೆಲ್ಲಗೆ ಕೈಗಿಟ್ಟಳು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಏನು ಅಕ್ಕಾವ್ರೇ, ಹುಷಾರಿಲ್ವಾ?" ಎಂದ.

ಆ ಡ್ರೈವರ್ ದಿನಕ್ಕೊಂದು ಸುದ್ದಿ ತರುತ್ತಿದ್ದ. ಅಕ್ಕ ಹೊಸ ಚಪ್ಪಲಿ ತಗೊಂಡಳು. ಅಕ್ಕ ಮೊಮ್ಮಗನಿಗೆ ಸ್ವೆಟರ್ ಹೆಣೆದು ಮುಗಿಸಿದಳು. ಅಕ್ಕ ಈಗಲೇ ಪೆಟ್ಟಿಗೆ ಕಟ್ಟಿ ಬಾಗಿಲ ಹತ್ತಿರ ಇಟ್ಟು, ಹೋಗುತ್ತಾ ಬರುತ್ತಾ ಎಡವುತ್ತಿದ್ದಾಳೆ. ಪ್ರತಿ ಸಲವೂ ಕಂಡಕ್ಟರಮ್ಮ ಬಾಯಿ ತೆರೆದು ಮುಚ್ಚಿದಳು. ಒಂದು ಸುಳ್ಳು ಸಿದ್ಧವಾಗಿಯೇ ಇತ್ತು: ಈಗ ಹೊಸ ರೂಲ್ಸ್ ಬಂದಿದೆಯಂತೆ, ಆ ಪಟ್ಟಣಕ್ಕೇ ಹೋಗಿ ಹತ್ತಬೇಕಂತೆ. ಅಷ್ಟು ಹೇಳಿದರೆ ಮುಗಿಯುತ್ತಿತ್ತು, ಯಾರಿಗೂ ನಷ್ಟವಿರಲಿಲ್ಲ.

ಒಂದು ದಿನ ಕೊನೆಯ ಟ್ರಿಪ್ ಮುಗಿದು ಡ್ರೈವರ್ ಎಂಜಿನ್ ಆರಿಸಿದಾಗ ಅವಳು ಅವನ ಪಕ್ಕದ ಕಂಬ ಹಿಡಿದು ನಿಂತಳು.

"ಒಂದು ಹೊಸ ರೂಲ್ಸ್..." ಎಂದು ಶುರು ಮಾಡಿದಳು. ಆಮೇಲೆ, "ಇಲ್ಲ. ರೂಲ್ಸ್ ಹಳೇದೇ. ನನಗೇ ಗೊತ್ತಿರಲಿಲ್ಲ. ನನ್ನ ಮಗಳನ್ನ ಹತ್ತಿಸ್ಕೊಳ್ಳಲಿಲ್ಲ. ಒಂದು ಪಂದ್ಯಾವಳಿ ತಪ್ಪಿಹೋಯ್ತು," ಎಂದಳು.

ಡ್ರೈವರ್ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದ. "ಹಾರಿದಳು ಅಂದ್ರಿ."

"ಅಂದೆ."

"ಇಷ್ಟು ದಿನ ನನ್ನ ಬೆನ್ನ ಹಿಂದೇನೇ ನಿಂತಿದ್ರಿ, ಒಂದ್ಮಾತು ಹೇಳಲಿಲ್ಲ. ಅಲ್ಲ, ನಮ್ಮಕ್ಕ ಪೆಟ್ಟಿಗೆ ಹಿಡ್ಕೊಂಡು ಹೋಗಿ ಕೌಂಟರಲ್ಲಿ ನಿಂತಿದ್ರೆ?"

ಅವನು ಇಳಿದು ಬಾಗಿಲು ಬಡಿದು ಹೋದ. ಮಾರನೆಯ ದಿನ ಮಧ್ಯಾಹ್ನದವರೆಗೂ ಮಾತಾಡಲಿಲ್ಲ. ಅವಳು "ಹೋಲ್ಡಾನ್" ಎಂದರೆ ನಿಲ್ಲಿಸಿದ, "ರೈಟ್" ಎಂದರೆ ಹೊರಟ, ಅಷ್ಟೇ. ಊಟದ ಹೊತ್ತಿಗೆ ಮುಂದೆ ನೋಡುತ್ತಲೇ ಹೇಳಿದ: "ನನಗೆ ರಜ ಸಿಗಲ್ಲ. ಅವಳು ಒಬ್ಬಳೇ ಆ ಪಟ್ಟಣಕ್ಕೆ ಹೋಗಿದ್ದಿಲ್ಲ."

"ನಾನು ಕರ್ಕೊಂಡು ಹೋಗ್ತೀನಿ," ಎಂದಳು.

ರಾತ್ರಿ ಬಸ್ಸಿನಲ್ಲಿ ಡ್ರೈವರನ ಅಕ್ಕ ಅವಳ ಹೆಗಲಿಗೆ ತಲೆಯಿಟ್ಟು ಸುಖವಾಗಿ ನಿದ್ದೆ ಮಾಡಿದಳು. ಪಟ್ಟಣದ ನಿಲ್ದಾಣದಲ್ಲಿ ಇದ್ದದ್ದೇ ಎರಡು ಕೌಂಟರು, ಗೋಡೆ ಇನ್ನೂ ಬಣ್ಣದ ವಾಸನೆ ಹೊಡೆಯುತ್ತಿತ್ತು. ಪೆಟ್ಟಿಗೆ ಒಳಗೆ ಹೋಯಿತು, ಚೀಟಿ ಕೈಗೆ ಬಂತು. "ಇವರು ಇಲ್ಲಿಂದಲೇ ಹತ್ತಿದ್ದಾರೆ ಅಂತ ಬರ್ಕೊಂಡಿದೀರಲ್ಲಾ?" ಎಂದು ಕಂಡಕ್ಟರಮ್ಮ ಎರಡು ಸಲ ಕೇಳಿದಳು. ಕೌಂಟರಿನವನು ನಕ್ಕ.

ಆಗ ಫೋನಿಗೆ ಮಗಳ ಸಂದೇಶ ಬಂತು. "ಮುಗೀತು ಅಮ್ಮ. ಎರಡೂ ಊರಲ್ಲಿ ಚೆನ್ನಾಗಿ ಆಡಿದೆ, ಮೇಡಂ ಕೂಡ ಹೇಳಿದ್ರು. ಆದ್ರೆ ಅಂಕ ಸಾಲಲ್ಲ. ಸ್ವಲ್ಪದರಲ್ಲಿ. ನೀನು ಊಟ ಬಿಡಬೇಡ."

ಅವಳು ಅದನ್ನು ಮತ್ತೆ ಓದಿದಳು. ಫೋನನ್ನು ಚೀಲದೊಳಗಿಟ್ಟು ಜಿಪ್ ಎಳೆದಳು. ಎಳೆದ ಮೇಲೂ ಕೈ ಜಿಪ್ಪಿನ ಮೇಲೆಯೇ ಇತ್ತು.

ಡ್ರೈವರನ ಅಕ್ಕ ಹೊಸ ಚಪ್ಪಲಿಯಲ್ಲಿ ಹುಷಾರಾಗಿ ಹೆಜ್ಜೆಯಿಡುತ್ತಾ ಒಳಗಿನ ಬಾಗಿಲವರೆಗೆ ಹೋದವಳು ಏನೋ ನೆನಪಾಗಿ ತಿರುಗಿದಳು. ಆದ ಎಡವಟ್ಟನ್ನು ಡ್ರೈವರ್ ಅವಳಿಗೆ ಹೇಳಿರಲಿಲ್ಲ.

"ನಿಮ್ಮ ಮಗಳಿಗೂ ಹೀಗೇ ಮಾಡಿಸಿದ್ರಂತೆ, ತಮ್ಮ ಹೇಳ್ತಿದ್ದ. ಅವಳೂ ಇಲ್ಲಿಂದಲೇ ಹತ್ತಿದ್ಲಾ?"

"ಇಲ್ಲ," ಎಂದಳು ಕಂಡಕ್ಟರಮ್ಮ. "ಅವಳು ಇಲ್ಲಿಂದಲೇ ಹತ್ತಬೇಕಿತ್ತು. ನಾನು ಹತ್ತಿಸಲಿಲ್ಲ."