ಮುಷ್ಕರ ಮುರಿದವನ ಮಗಳು

"ಮುಟ್ಟಬೇಡ ನನ್ನ! ಮುಷ್ಕರ ಮುರಿದವನ ರಕ್ತ ನಿಂದು. ಪೂರ್ತಿ ಓದಿದ ನರ್ಸ್ ಯಾರಾದ್ರೂ ಇದ್ರೆ ಕಳಿಸು, ಹೋಗು."

ವರ್ಲಿನ್ ಸ್ಟಿಡಮ್ ಮಲಗಿದಲ್ಲಿಂದಲೇ ಬೈಯುತ್ತಿದ್ದ. ಆರ್ಲೀನಾ ಅವನ ಹಿಮ್ಮಡಿಯ ಬ್ಯಾಂಡೇಜು ಬಿಚ್ಚುತ್ತಿದ್ದಳು.

ಅಮೆರಿಕದ ಕೆಂಟಕಿಯ ಆ ಕಣಿವೆಯ ಕಲ್ಲಿದ್ದಲು ಗಣಿಗಳಿಗೆ ಬೀಗ ಬಿದ್ದು ಎಷ್ಟೋ ಕಾಲವಾಗಿತ್ತು, ಹಗೆಗೆ ಬಿದ್ದಿರಲಿಲ್ಲ. ದೊಡ್ಡ ಮುಷ್ಕರದ ವರ್ಷ ಆರ್ಲೀನಾಳ ಅಪ್ಪ, ಮನೆಯಲ್ಲಿ ಕೂಸಿಗೆ ಹಾಲಿಲ್ಲವೆಂದು, ಅಡ್ಡ ನಿಂತ ಕಾರ್ಮಿಕ ಸಂಘದವರನ್ನು ದಾಟಿ ಗಣಿಗಿಳಿದಿದ್ದ. ಆ ವಾರವೇ ವರ್ಲಿನ್ ಅವರ ಮನೆಯ ಕಿಟಕಿಗಳಿಗೆ ಕಲ್ಲು ತೂರಿದ. ಮುಂದೆ ಅಪ್ಪ ಸತ್ತಾಗ ಶವಪೆಟ್ಟಿಗೆ ಹೊರಲು ಊರಿನವರೊಬ್ಬರೂ ಬರಲಿಲ್ಲ.

ಈಗ ಅದೇ ವರ್ಲಿನ್ ಮುದುಕರನ್ನು ನೋಡಿಕೊಳ್ಳುವ ಈ ಆಸ್ಪತ್ರೆಗೆ ಬಂದು ಬಿದ್ದಿದ್ದ. ಮಲಗಿ ಮಲಗಿ ಎಡ ಹಿಮ್ಮಡಿ ಹುಣ್ಣಾಗಿ ಕುಳಿ ಬಿದ್ದಿತ್ತು. ಚಳಿಗಾಲ ಕಳೆಯುವುದರೊಳಗೆ ಮಾಯದಿದ್ದರೆ ಕಾಲು ಕತ್ತರಿಸಬೇಕಾದೀತು ಎಂದು ಡಾಕ್ಟರು ಹೇಳಿ ಹೋಗಿದ್ದರು. ಹುಣ್ಣು ತೊಳೆದು ಕಟ್ಟುವ ಕೆಲಸ ಆರ್ಲೀನಾಳದು. ಒಂದೇ ವರ್ಷ ಓದಿ ಲೈಸೆನ್ಸ್ ಪಡೆದ ಚಿಕ್ಕ ನರ್ಸ್ ಅವಳು.

"ಬೇರೆಯವರಿಗೆ ವಹಿಸ್ತೀನಿ ಕಣೆ," ಅಂದಳು ಮೇಲಿನ ನರ್ಸ್ ಡೆಲ್ಫಾ. "ಆ ಹೊಲಸು ಬಾಯಿ ಯಾಕೆ ಸಹಿಸ್ಕೋತೀಯ?"

"ಬೇಡ ಅಕ್ಕ. ಅವನು ನನ್ನ ಪಾಲು."

ಹಿಮ್ಮಡಿ ಹಾಸಿಗೆಗೆ ತಾಗದಿರಲೆಂದು ಅವಳು ಕಾಲಿನ ಕೆಳಗೆ ದಿಂಬಿಟ್ಟು ಹೋಗುವಳು. ಅವಳು ಬಾಗಿಲು ದಾಟುತ್ತಲೇ ಅವನು ಅದನ್ನು ಒದ್ದು ಕೆಡವುವನು. ಒಂದು ದಿನ ಅವಳು ತಿರುಗಿ ಬಂದಳು.

"ಹಾಳಾಗಿ ಹೋಗ್ಲಿ ಕಾಲು!" ಅಂದ ವರ್ಲಿನ್. "ನಿನ್ನ ಕೈಯಲ್ಲಿ ಉಳಿಯೋದಕ್ಕಿಂತ ಕತ್ತರಿಸೋದೇ ಮೇಲು."

"ಹಾಗಂತ ಡಾಕ್ಟರ ಮುಂದೆ ಹೇಳು ಮುದುಕಪ್ಪ, ನಾಳೆಯಿಂದ ನಾನು ಬರಲ್ಲ. ಹೇಳಲ್ಲ ನೀನು. ಕಾಲಿನ ಮೇಲೆ ಆಸೆ ನಿಂಗೆ." ಆರ್ಲೀನಾ ದಿಂಬನ್ನು ಮತ್ತೆ ಇಟ್ಟಳು. "ಉಳಿಸ್ತೀನಿ, ನೋಡ್ತಿರು. ಸಾಯೋತನಕ ನಮ್ಮಪ್ಪನ ಮಗಳು ಉಳಿಸಿದ ಕಾಲಲ್ಲೇ ನಡೀಬೇಕು. ಹೊಟ್ಟೆ ಉರ್ಕೊಂಡು ನಡಿ."

"ಹಾವಿನ ಮರಿ!" ಅಂದ. ದಿಂಬು ಮಾತ್ರ ಅಲ್ಲೇ ಉಳಿಯಿತು.

ದಿನ ಹೋದಂತೆ ಕುಳಿಯ ಹಳದಿ ಕೊಳೆ ಕರಗಿತು. ತಳದಿಂದ ದಾಳಿಂಬೆ ಕಾಳಿನಂಥ ಕೆಂಪು ಹೊಸ ಮಾಂಸ ಮೇಲೇಳತೊಡಗಿತು. ಬ್ಯಾಂಡೇಜು ಬಿಚ್ಚಿದಾಗಲೆಲ್ಲ ಆರ್ಲೀನಾ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡುತ್ತಿದ್ದಳು. ಅವನ ಮುಖ ಕಂಡರೆ ಮೈಯೆಲ್ಲ ಉರಿ. ಹಿಮ್ಮಡಿ ಕಂಡರೆ ಹಿಗ್ಗು. ಮನೆಗೆ ಹೋಗಿ ಹುರುಳಿಕಾಯಿ ಬೇಯಿಸುವಾಗಲೂ ಆ ಕೆಂಪೇ ಕಣ್ಣಿಗೆ ಕಟ್ಟಿ, ತನ್ನಷ್ಟಕ್ಕೆ ಗುನುಗುವಳು.

ಬೆಟ್ಟದ ಮರಗಳು ಬಿಳಿ ಹೂ ಬಿಡುವ ಹೊತ್ತಿಗೆ ಡಾಕ್ಟರು ಹಿಮ್ಮಡಿಯನ್ನು ಒತ್ತಿ ನೋಡಿ, ಇನ್ನು ಇವನನ್ನು ಎಬ್ಬಿಸಿ ನಿಲ್ಲಿಸಿ ಎಂದರು. ಆರ್ಲೀನಾ ಹೆಗಲು ಕೊಟ್ಟು ಎಬ್ಬಿಸಿದಳು. ವರ್ಲಿನ್ ಬಲಗಾಲ ಮೇಲೇ ಭಾರ ಬಿಟ್ಟು ತೂಗಾಡಿದ.

"ಎಡಗಾಲು ಊರು. ಹೆದರ್ಕೋಬೇಡ, ಪೂರ್ತಿ ಊರು."

ಅವನು ಅವಳ ಮುಖವನ್ನೇ ದಿಟ್ಟಿಸಿದ. ಎಡಗಾಲೆತ್ತಿ, ಹಲ್ಲು ಕಚ್ಚಿ, ಅವಳ ಬೂಟಿನ ತುದಿಯ ಮೇಲೆ ಹಿಮ್ಮಡಿಯನ್ನು ಬಲವಾಗಿ ಅಪ್ಪಳಿಸಿದ.

"ಊರಿದೆ," ಅಂದ.

ಅವಳ ಕಾಲ್ಬೆರಳುಗಳಿಂದ ನೋವು ಮೊಣಕಾಲವರೆಗೆ ಚಿಮ್ಮಿತು. ಅವನ ಹಿಮ್ಮಡಿ ಗಟ್ಟಿಯಾಗಿತ್ತು. ಆರ್ಲೀನಾ ತನ್ನ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಇನ್ನೊಂದು ಸಲ," ಅಂದಳು.