ಅತ್ತಿಗೆಯ ಕೋಣೆಗೆ ಬಾಗಿಲು

ದೊಡ್ಡ ಬಡಗಿ ತೀರಿಕೊಂಡು ವರ್ಷಗಳೇ ಆಗಿದ್ದರೂ ಅವನ ತಮ್ಮನನ್ನು ಜನ ಚಿಕ್ಕ ಬಡಗಿ ಎಂದೇ ಕರೆಯುತ್ತಿದ್ದರು. ತಲೆ ಪೂರ್ತಿ ನರೆತಿತ್ತು, ಕೂತರೆ ಏಳಲು ಗೋಡೆ ಹಿಡಿಯಬೇಕಿತ್ತು, ಆದರೂ ಚಿಕ್ಕ. ಅವನಿಗೂ ಅದೇ ಹಿತವಾಗಿತ್ತು. ದೊಡ್ಡವನು ಇಲ್ಲೇ ಎಲ್ಲೋ ಹೊರಗೆ ಹೋಗಿದ್ದಾನೆ ಎಂದ ಹಾಗಿರುತ್ತಿತ್ತು.

ಅಣ್ಣ ತಮ್ಮ ಇಬ್ಬರದೂ ಕುರ್ಚಿ ಮಾಡುವ ಕಸುಬು. ಮನೆಯ ಹಿಂದಿನ ತಗಡಿನ ಶೆಡ್ಡೇ ಅವರ ಕಾರ್ಖಾನೆ. ಬಿಸಿ ಅಂಟನ್ನು ಕುರ್ಚಿಕಾಲಿನ ತೂತಿಗೆ ಸವರಿ, ಅಡ್ಡಪಟ್ಟಿಯ ಮೂತಿಯನ್ನು ಅದರೊಳಕ್ಕೆ ಬಡಿದು, ಅಂಟು ಹಿಡಿಯುವವರೆಗೆ ಹೊರಗಿನಿಂದ ಕ್ಲಾಂಪು ಹಾಕಿ ಬಿಗಿಯಬೇಕು. ಇದ್ದದ್ದು ಎರಡೇ ಕ್ಲಾಂಪು, ಒಂದು ಕುರ್ಚಿಗೇ ಎರಡೂ ಬೇಕು. ಒಂದು ಕುರ್ಚಿಯದನ್ನು ಬಿಚ್ಚದೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ಅವಸರಪಟ್ಟು ಬಿಚ್ಚಿದರೆ ಜಾಯಿಂಟು ಬಾಯಿ ಬಿಡುತ್ತದೆ. ಎಷ್ಟು ಹೊತ್ತು ಕಾಯಬೇಕು ಎಂದರೆ, ಒಂದು ಸಿಗರೇಟಿನ ಹೊತ್ತು. ಅವರಪ್ಪನ ಕಾಲದಿಂದ ನಡೆದುಬಂದ ಅಳತೆ ಅದು. ಥಂಡಿ ದಿನಗಳಲ್ಲಿ ಅಂಟು ನಿಧಾನ ಹಿಡಿಯುತ್ತಿತ್ತು, ಸಿಗರೇಟೂ ನಿಧಾನ ಉರಿಯುತ್ತಿತ್ತು. ಒಂದಕ್ಕೊಂದು ಹೇಳಿ ಮಾಡಿಸಿದ ಹಾಗೆ.

ಸೇದುವುದರಲ್ಲೂ ಒಂದು ಕ್ರಮವಿತ್ತು. ಒಬ್ಬರ ಮುಂದೆ ಒಬ್ಬರು ಸೇದಿದವರಲ್ಲ. ಅಣ್ಣ ಕಡ್ಡಿ ಗೀರಿದರೆ ತಮ್ಮ ಬೆನ್ನು ತಿರುಗಿಸಿ ಉಳಿ ಮಸೆಯಲು ಕೂರುತ್ತಿದ್ದ. ಅರ್ಧ ಸೇದಿದ ಮೇಲೆ ಅಣ್ಣ ಉಳಿದದ್ದನ್ನು ಮೇಜಿನ ಅಂಚಿನಲ್ಲಿ ಇಟ್ಟು, ಏನೋ ಮರೆತವನ ಹಾಗೆ ಅಂಗಳಕ್ಕೆ ಹೋಗುತ್ತಿದ್ದ. ಆ ಅರ್ಧವನ್ನು ತಮ್ಮ ಮುಗಿಸುತ್ತಿದ್ದ. ಮುಗಿಯುವ ಹೊತ್ತಿಗೆ ಸರಿಯಾಗಿ ಅಂಗಳದಿಂದ ಒಂದು ಕೆಮ್ಮು ಕೇಳಿಸುತ್ತಿತ್ತು, ಆಮೇಲೆ "ಬಿಚ್ಚು" ಎಂಬ ಮಾತು. ತಮ್ಮ ಸೇದುವುದು ತನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ಅಣ್ಣ ಕೊನೆಯವರೆಗೂ ನಡೆದುಕೊಂಡ. ಮೇಜಿನ ಅಂಚಿನುದ್ದಕ್ಕೂ ಸುಟ್ಟ ಕಲೆಗಳು ಸಾಲಾಗಿ ಕೂತಿದ್ದವು.

ಅಂಗಳದ ಕೆಮ್ಮು ಒಂದು ದಿನ ಹಾಸಿಗೆಗೆ ಬಂತು. ಹಾಸಿಗೆಗೆ ಬಂದದ್ದು ಅಣ್ಣನನ್ನು ಕರೆದುಕೊಂಡೇ ಹೋಯಿತು.

ಅಣ್ಣ ಹೋದ ಮೇಲೂ ಚಿಕ್ಕ ಬಡಗಿ ಕ್ರಮ ತಪ್ಪಿಸಲಿಲ್ಲ. ಸಿಗರೇಟು ಹಚ್ಚಿ ಮೇಜಿನ ಅಂಚಿನಲ್ಲಿಟ್ಟು, ಬೆನ್ನು ತಿರುಗಿಸಿ ಕೂರುತ್ತಿದ್ದ. ಅರ್ಧ ತಾನಾಗಿ ಉರಿದ ಮೇಲೆ ಉಳಿದರ್ಧ ತನ್ನದು.

ಸಿಗರೇಟು ಬಿಡುವ ಮಾತು ಬಂದದ್ದು ಬಾಗಿಲಿನಿಂದ. ಊರಿಗೆಲ್ಲ ಮರಗೆಲಸ ಮಾಡಿಕೊಟ್ಟ ಆ ಮನೆಯಲ್ಲಿ ಅತ್ತಿಗೆಯ ಕೋಣೆಗೆ ಬಾಗಿಲಿರಲಿಲ್ಲ, ಬಟ್ಟೆಯ ಪರದೆ. ಮದುವೆಯಾಗಿ ಬಂದಾಗಿನಿಂದ ಆಕೆ ಕೇಳಿದ್ದು ಅದೊಂದನ್ನೇ. ಈ ಕೆಲಸದ ದುಡ್ಡು ಕೈಗೆ ಬರಲಿ ಎನ್ನುತ್ತಲೇ ಅಣ್ಣ ಹೋಗಿಬಿಟ್ಟಿದ್ದ.

"ನನ್ನ ಬಾಗಿಲನ್ನ ನಿಮ್ಮಣ್ಣ ಸೇದಿಬಿಟ್ರು ಕಣೋ," ಎಂದು ಅತ್ತಿಗೆ ನಗುತ್ತಿದ್ದಳು. "ಹಿಡಿಕೆ ಒಂದು ಉಳಿದಿತ್ತು. ಅದನ್ನ ನೀನು ಸೇದಿದೆ."

ಚಿಕ್ಕ ಬಡಗಿಗೂ ಕೆಮ್ಮು ಶುರುವಾದಾಗ ಅವನ ಹೆಂಡತಿ ನಗಲಿಲ್ಲ. ಖಾಲಿ ಬಿಸ್ಕತ್ತಿನ ಡಬ್ಬಿಯೊಂದನ್ನು ತೊಳೆದು ಒರೆಸಿ ಅವನ ಮುಂದಿಟ್ಟಳು.

"ಸಿಗರೇಟಿಗೆ ಅಂತ ಅಂಗಡಿಗೆ ಕೊಡೋದನ್ನ ದಿನಾ ಇದಕ್ಕೆ ಹಾಕಿ. ಅಕ್ಕನ ಬಾಗಿಲಿಗೆ ಹಲಗೆ ಬರುತ್ತೆ. ಅಕ್ಕನ ಥರ ನಾನೂ ಒಬ್ಬಳೇ ಪರದೆ ನೋಡ್ಕೊಂಡು ಮಲಗೋದು ನನ್ನ ಕೈಲಾಗಲ್ಲ ರೀ."

ಅವನು ಡಬ್ಬಿಯ ಮೇಲೆ ಕೈಯಿಟ್ಟು ಆಗಲಿ ಎಂದ. ಬಿಟ್ಟೂ ಬಿಟ್ಟ. ದಾರಿಯಲ್ಲಿ ಸಿಕ್ಕ ಅಂಗಡಿಯವನು, "ಏನು ಯಜಮಾನ್ರೆ, ನಮ್ಮ ಮೇಲೆ ಮುನಿಸಾ?" ಎಂದರೆ ನಕ್ಕು ಮುಂದೆ ಹೋಗುತ್ತಿದ್ದ. ಡಬ್ಬಿಗೆ ದಿನದಿನಕ್ಕೆ ತೂಕ ಬಂತು. ಹೆಂಡತಿ ಅದನ್ನು ಒರೆಸುವ ನೆಪದಲ್ಲಿ ಎತ್ತಿ ನೋಡುತ್ತಿದ್ದಳು.

ಕೆಟ್ಟದ್ದು ಕೆಲಸ. ಅಡಿಗೆಮನೆಯ ಗಡಿಯಾರವನ್ನು ಶೆಡ್ಡಿಗೆ ತಂದಿಟ್ಟುಕೊಂಡರೂ ಅವನ ಕೈಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಒಂದು ದಿನ ಬೇಗ ಬಿಚ್ಚಿದ, ಇನ್ನೊಂದು ದಿನ ಕಾದು ಕಾದು ಮುಂದಿನ ಕುರ್ಚಿಯ ಅಂಟು ಗಟ್ಟಿಯಾಗಲು ಬಿಟ್ಟ. ಕುರ್ಚಿ ಕೊಂಡಿದ್ದ ಹೋಟೆಲಿನವನು ಒಂದನ್ನು ಹೆಗಲ ಮೇಲೆ ಹೊತ್ತು ತಂದು ಇಳಿಸಿದ.

"ಗಿರಾಕಿ ಕೂರೋಕೆ ಮುಂಚೆ ನಿನ್ನ ಕುರ್ಚಿನೇ ಕೂತುಬಿಡ್ತು ಮಾರಾಯ. ನಿಮ್ಮಣ್ಣ ಇದ್ದಿದ್ರೆ ಹಿಂಗಾಗ್ತಿತ್ತಾ?"

ಆ ಮಾತು ಅವನಿಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಅದೇ ಕುರ್ಚಿಯನ್ನು ಕೆರೆದು, ಹೊಸ ಅಂಟು ಸವರಿ, ಕ್ಲಾಂಪು ಬಿಗಿದು, ಅಭ್ಯಾಸಬಲದಿಂದ ಬೆನ್ನು ತಿರುಗಿಸಿ ಉಳಿ ಮಸೆಯಲು ಕೂತ. ಹಾಡುಹಗಲು. ಹೊರಗೆ ತಂತಿಯ ಮೇಲೆ ಬಟ್ಟೆ ಒಣಗುತ್ತಿತ್ತು. ಆಗ ಹೊಗೆಯ ವಾಸನೆ ಬಂತು.

ಮೊದಲು ಪಕ್ಕದ ಮನೆಯದೆಂದುಕೊಂಡ. ಆದರೆ ಆ ವಾಸನೆಯನ್ನು ಅವನು ಒಂದು ಜನ್ಮವಿಡೀ ಬೆನ್ನ ಹಿಂದಿನಿಂದ ಕುಡಿದಿದ್ದ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಚಿಕ್ಕಂದಿನಿಂದ ಅಣ್ಣನ ಪಾಲಿನ ಹೊತ್ತಿನಲ್ಲಿ ತಿರುಗಿ ನೋಡಿದವನೇ ಅಲ್ಲ. ವಾಸನೆ ಮೆಲ್ಲಗೆ ತೆಳುವಾಗಿ ನಿಂತಿತು. ಎದ್ದು ಹೋಗಿ ಕ್ಲಾಂಪು ಬಿಚ್ಚಿದ. ಜಾಯಿಂಟು ಕಲ್ಲಿನ ಹಾಗೆ ಕೂತಿತ್ತು.

ಅಂದಿನಿಂದ ಕ್ಲಾಂಪು ಬಿಗಿದಾಗಲೆಲ್ಲ ಆ ಹೊಗೆ ಬಂತು, ಕುರ್ಚಿ ವಾಪಸು ಬರಲಿಲ್ಲ. ಗಡಿಯಾರವನ್ನು ಅಡಿಗೆಮನೆಗೆ ಮರಳಿಸಿದ. ಆದರೆ ಹೊಗೆ ಶೆಡ್ಡಿನಲ್ಲೇ ಉಳಿಯುತ್ತಿರಲಿಲ್ಲ, ಅವನ ಅಂಗಿಗೆ ಹತ್ತಿಕೊಂಡು ಮನೆಯೊಳಕ್ಕೂ ಬರುತ್ತಿತ್ತು. ಹೆಂಡತಿ ಒಗೆಯಲು ತೆಗೆದ ಅಂಗಿಯನ್ನು ಮೂಗಿಗೆ ಹಿಡಿದಳು.

"ಡಬ್ಬಿಗೂ ಹಾಕ್ತೀರಿ, ಅಂಗಡಿಗೂ ಕೊಡ್ತೀರಿ. ಇಷ್ಟೊಂದು ದುಡ್ಡು ಎಲ್ಲಿಂದ ಬರ್ತಾ ಇದೆ?"

"ನಾನು ಸೇದಿಲ್ಲ."

"ಮತ್ತೆ ಯಾರು, ಕುರ್ಚಿ ಸೇದ್ತಾ?"

ಅವಳು ಡಬ್ಬಿಯನ್ನು ತಂದು ಅವನ ಕೈಗೆ ಕೊಟ್ಟಳು. "ಇದು ನಿಮ್ಮ ಹತ್ರಾನೇ ಇರಲಿ. ಸುಳ್ಳು ತುಂಬಿದ ಡಬ್ಬಿ ನನಗೆ ಬೇಡ." ಅಂದಿನಿಂದ ಅಂಗಿಯನ್ನು ಮೂಸುವುದೂ ಬಿಟ್ಟಳು, ಮಾತಾಡುವುದೂ ಬಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ತಟ್ಟೆ ಇಟ್ಟು ಮುಖ ನೋಡದೆ ಹೋಗುವುದನ್ನು ತಡೆಯಲಾಗಲಿಲ್ಲ. ಹಚ್ಚದ ಸಿಗರೇಟಿಗೆ ಮನೆಯ ನಂಬಿಕೆಯೇ ಸುಟ್ಟುಹೋಗುತ್ತಿತ್ತು. ಹೊಗೆ ಬರದಿರಲಿ ಎಂದು ಬೇಡಿಕೊಳ್ಳೋಣವೆಂದರೆ ಅಣ್ಣನನ್ನೇ ಹೊರಗೆ ಹೋಗೆಂದ ಹಾಗಾಗುತ್ತದೆ.

ಕೊನೆಗೆ ಡಬ್ಬಿಯನ್ನು ಮರ ಮಾರುವ ಅಂಗಡಿಯಲ್ಲಿ ಸುರಿದು ಹಲಗೆ ತಂದ. ಬಾಗಿಲು ಕುರ್ಚಿಯಂತಲ್ಲ, ಕ್ಲಾಂಪು ಬಿಗಿದರೂ ಎರಡು ಕಡೆಯಿಂದ ಅದುಮಿ ಹಿಡಿಯಬೇಕು, ಒಬ್ಬನ ಕೈಗೆ ಬಗ್ಗುವುದಿಲ್ಲ. ಹೆಂಡತಿಯನ್ನು ಕರೆಯಲು ನಾಲಿಗೆ ಏಳದೆ ಅತ್ತಿಗೆಯನ್ನು ಕರೆದ. ಆಕೆ ಸೆರಗು ಸಿಕ್ಕಿಸಿಕೊಂಡು ಬಂದಳು.

"ನನ್ನ ಬಾಗಿಲಿಗೆ ನಾನೇ ಕೂಲಿನಾ?"

"ಆ ಕಡೆ ಅದುಮಿ ಹಿಡೀರಿ ಅತ್ತಿಗೆ. ಅಲ್ಲಾಡಿಸಬೇಡಿ."

ಇವನು ಈ ತುದಿ ಹಿಡಿದ. ಎರಡೂ ಕೈ ಮೊಣಕೈವರೆಗೆ ಅಂಟು. ಸ್ವಲ್ಪ ಹೊತ್ತಿಗೆ ಹೊಗೆ ಬಂತು. ಅತ್ತಿಗೆಯ ಮೂಗಿನ ಹೊಳ್ಳೆ ಅರಳಿದ್ದನ್ನು ಅವನು ನೋಡಿದ. ಆಕೆ ಹಲಗೆ ಬಿಡಲಿಲ್ಲ. ಅವನ ಭುಜದ ಮೇಲಿನಿಂದ ಮೇಜಿನ ಕಡೆ ನೋಡಿದಳು, ಅವನು ಎಂದೂ ತಿರುಗಿ ನೋಡದ ಕಡೆಗೆ, ನೋಡಿ ಮೆಲ್ಲಗೆ ಕೇಳಿದಳು:

"ನೀವಿನ್ನೂ ಬಿಟ್ಟಿಲ್ವಾ?"

ತಗಡು ಬಿಸಿಲಿಗೆ ಟಪ್ ಎಂದಿತು. ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು. ಹೆಂಡತಿ ನಿಂತಿದ್ದಳು. ವಾಸನೆ ಹಿಡಿದೇ ಬಂದಿದ್ದಳು, ಸಿಗರೇಟು ಸಮೇತ ಹಿಡಿಯುವ ಹಟದಲ್ಲಿ. ಗಂಡನ ಕೈ ನೋಡಿದಳು, ಅಕ್ಕನ ಕೈ ನೋಡಿದಳು. ನಾಲ್ಕೂ ಕೈ ಹಲಗೆಯ ಮೇಲೆ. ಮೇಜಿನ ಅಂಚಿನಿಂದ ನೀಲಿ ಎಳೆಯೊಂದು ನೆಟ್ಟಗೆ ಏಳುತ್ತಿತ್ತು. ಅದರ ಕೆಳಗೆ ಹಳೆಯ ಕಲೆಗಳ ಹೊರತು ಏನೂ ಇರಲಿಲ್ಲ.

ಅವಳು ಹೊಸ್ತಿಲು ದಾಟಲಿಲ್ಲ. "ರೀ," ಎಂದಳು. ಎಷ್ಟೋ ದಿನಗಳ ಮೇಲೆ ಕರೆದದ್ದು.

"ನಾನಲ್ಲ."

"ಗೊತ್ತಾಯ್ತು."

ಎಳೆ ತೆಳುವಾಗಿ ಹರಿಯಿತು. ಅತ್ತಿಗೆ ಹಲಗೆಯತ್ತ ಮುಖ ತಿರುಗಿಸಿ ಅಂದಳು, "ಬಿಚ್ಚು."

ಆ ಮಾತನ್ನು ಯಾವ ಹೊತ್ತಿಗೆ ಹೇಳಬೇಕೆಂದು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಾಗಿಲು ನಿಂತ ಸಂಜೆ ಅತ್ತಿಗೆ ಪರದೆಯನ್ನು ಮಡಿಸಿ ಎತ್ತಿಟ್ಟಳು. ಒಳಗೆ ಹೋಗಿ, ಹೊಸ ಹೆಣ್ಣಿನ ಹಾಗೆ ಒಮ್ಮೆ ಇಣುಕಿ ನೋಡಿ, ಬಾಗಿಲು ಹಾಕಿಕೊಂಡು ಚಿಲಕ ಸರಿಸಿದಳು. ಹೊರಗೆ ಕೂತ ಗಂಡ ಹೆಂಡತಿಗೆ ಬಾಗಿಲ ಕೆಳಗಿನ ಸಂದಿಯಿಂದ ಹೊಗೆಯ ವಾಸನೆ ಬಂತು. ಒಳಗೆ ಆಕೆ ಮಾತಾಡುತ್ತಿದ್ದಳು, ಯಾರನ್ನೋ ತರಾಟೆಗೆ ತೆಗೆದುಕೊಂಡ ಹಾಗೆ. ಹೆಂಡತಿ ಖಾಲಿ ಡಬ್ಬಿಯನ್ನು ತಂದು ಅದರ ಜಾಗದಲ್ಲಿ ಇಟ್ಟಳು.

"ನಾಳೆಯಿಂದ ಮತ್ತೆ ಹಾಕಿ," ಎಂದಳು. "ನಮ್ಮ ಕೋಣೆ ಕಿಟಕಿಗೆ."

ಬೆಳಗ್ಗೆ ಅವನು ಶೆಡ್ಡಿನಲ್ಲಿ ಕುರ್ಚಿಗೆ ಕ್ಲಾಂಪು ಬಿಗಿದು, ಬೆನ್ನು ತಿರುಗಿಸಿ ಕೂತ. ಉಳಿ ಮಸೆದ. ಹೊಗೆ ಬರಲಿಲ್ಲ. ಮಸೆದ ಉಳಿಯನ್ನೇ ಮತ್ತೆ ಮಸೆದ. ಕೊನೆಗೆ, ಜೀವನದಲ್ಲಿ ಮೊದಲ ಸಲ, ತಿರುಗಿ ನೋಡಿದ. ಮೇಜು, ಕಲೆಗಳು, ಮರದ ಪುಡಿ. ಇಷ್ಟು ದೊಡ್ಡ ಶೆಡ್ಡು ಇದು ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಆಗ ಮನೆಯೊಳಗೆ ಚಿಲಕ ಸರಿದ ಸದ್ದಾಯಿತು. ಅದರ ಹಿಂದೆಯೇ ಒಂದು ಕೆಮ್ಮು, ಅಂಗಳದಿಂದ ಕೇಳಿಸುತ್ತಿದ್ದ ಅದೇ ಕೆಮ್ಮು.

ಅವನು ಎದ್ದು ಕ್ಲಾಂಪು ಬಿಚ್ಚಿದ.