ಲೀಲಾಕ್ಷಿಯ ತೆಂಗು

ಹೋಟೆಲಿನ ಮೆಟ್ಟಿಲನ್ನು ತೃಪ್ತಿ ಹತ್ತಿದಾಗ ಅದರ ಯಜಮಾನ, ಅವಳ ಅಪ್ಪ ಸದಾನಂದ ಗಿರಾಕಿಗಳಿಗೆಲ್ಲ ಪುಕ್ಕಟೆ ಶಿರಾ ಹಂಚುತ್ತಿದ್ದರು. ಪುಣೆ ಕ್ಯಾಂಪಿನ ಆ ಸಣ್ಣ ಹೋಟೆಲಿನಲ್ಲಿ ಪುಕ್ಕಟೆ ಎಂಬ ಮಾತನ್ನು ಯಾರೂ ಕೇಳಿದವರಲ್ಲ. ಕಲ್ಲಿದ್ದಲು ಸುಡುವುದನ್ನು ಇಂಥ ವರ್ಷದೊಳಗೆ ನಿಲ್ಲಿಸುತ್ತೇವೆಂದು ಸಹಿ ಹಾಕಲು ಹವಾಮಾನ ಸಮ್ಮೇಳನದಲ್ಲಿ ನಮ್ಮ ದೇಶ ಒಪ್ಪಿರಲಿಲ್ಲ. ಇಷ್ಟು ಕಾಲ ಸುಟ್ಟು ಶ್ರೀಮಂತರಾದ ದೇಶಗಳು ಮೊದಲು ನಿಲ್ಲಿಸಲಿ ಎಂಬ ಆ ವಾದದ ವರದಿಗೆ ತನ್ನ ಸಂಸ್ಥೆಯಿಂದ ಅಂಕಿಅಂಶ ಒದಗಿಸಿದವರಲ್ಲಿ ತೃಪ್ತಿಯೂ ಒಬ್ಬಳು. ಅಪ್ಪನ ಹೆಮ್ಮೆಗೆ ಅಷ್ಟು ಸಾಕಾಗಿತ್ತು.

"ಪಂಕ್ತಿ ಊಟ ಗೊತ್ತುಂಟಲ್ಲ ಮಾರಾಯ್ರೇ?" ದಿನವೂ ಬರುವ ರಾಮಲಿಂಗಪ್ಪನವರಿಗೆ ಸದಾನಂದ ವಿವರಿಸುತ್ತಿದ್ದರು. "ಮೊದಲ ಪಂಕ್ತಿಯವರು ಪಾಯಸದ ಕೊಪ್ಪರಿಗೆ ಬರಿದು ಮಾಡಿ, ಕೈ ತೊಳೆದು, ವೀಳ್ಯ ಹಾಕಿಕೊಂಡು ಬಂದು, ಎರಡನೇ ಪಂಕ್ತಿಯವರಿಗೆ 'ಸಿಹಿ ಒಳ್ಳೆಯದಲ್ಲ, ಎಲ್ಲರೂ ಸಮ ಬಿಡುವ' ಅಂದ್ರೆ ಹೇಗೆ? ನನ್ನ ಮಗಳು ಬರೆದದ್ದು ಅದನ್ನೇ."

"ಖರೆ ಅದ ರೀ. ಆದ್ರ ನಿಮ್ಮ ಶಿರಾದಾಗ ಸಕ್ರಿ ಭಾಳ ಕಮ್ಮಿ ಆಗ್ಯದ. ನೀವೇನರ ಕದ್ದು ಸಹಿ ಹಾಕೀರೇನು?"

ಹೋಟೆಲಿಗೆ ಹೋಟೆಲೇ ನಕ್ಕಿತು. ತೃಪ್ತಿಗೆ ನಗು ಬರಲಿಲ್ಲ.

ಬೆಳಿಗ್ಗೆ ಚಿಕ್ಕಪ್ಪನ ಮಗ ರಕ್ಷಿತ ಊರಿನಿಂದ ಫೋನ್ ಮಾಡಿದ್ದ. ಕೆಲವು ವರ್ಷಗಳ ಹಿಂದೆ ತೀರಿಕೊಂಡ ತೃಪ್ತಿಯ ಅಮ್ಮ ಲೀಲಾಕ್ಷಿಯನ್ನು ಸುಟ್ಟದ್ದು ಊರಿನಲ್ಲೇ, ಕಡಲ ತೀರದ ಉಚ್ಚಿಲದ ಹತ್ತಿರ, ಸ್ವಂತ ಜಾಗದಲ್ಲಿ. ಚಿತೆಯ ನೆಲದಲ್ಲಿ ತೆಂಗಿನ ಸಸಿ ನೆಡುವುದು ಅವರ ಊರಿನ ಕ್ರಮ. ಬಾವಿಯ ಹತ್ತಿರ ಸಾಕು ಎಂದು ಹಿರಿಯರೆಲ್ಲ ಹೇಳಿದ್ದರು. "ಅವಳಿಗೆ ಕಡಲು ಕಾಣಬೇಕು" ಎಂದು ಹಟ ಹಿಡಿದು ದಡದ ಅಂಚಿನಲ್ಲೇ ಚಿತೆ ಮಾಡಿಸಿದವರು ಸದಾನಂದ. ಆ ಮರ ಈ ವರ್ಷವಷ್ಟೇ ಮೊದಲ ಹೊಂಬಾಳೆ ಬಿಟ್ಟಿತ್ತು. ಅದನ್ನು ನೋಡಲೆಂದೇ ಅವರು ಬಸ್ಸಿನ ಟಿಕೆಟ್ ತೆಗೆಸಿಟ್ಟಿದ್ದರು.

ವಾದದಲ್ಲಿ ಎಲ್ಲಾದರೂ ತಪ್ಪಿದೆಯೇ ಎಂದು ತೃಪ್ತಿ ದಾರಿಯುದ್ದಕ್ಕೂ ಹುಡುಕಿದ್ದಳು. ಇರಲಿಲ್ಲ. ಉಂಡವರು ಬೇರೆಯವರೇ, ಹಾಗೆ ಹೇಳುವುದು ನ್ಯಾಯವೇ. ತಪ್ಪಿದ್ದಿದ್ದರೆ ತನ್ನನ್ನಾದರೂ ಬೈದುಕೊಳ್ಳಬಹುದಿತ್ತು. ಕಡಲು ಏರುವ ಪ್ರಮಾಣವನ್ನೂ ಅದೇ ವರದಿಯಲ್ಲಿ ತಾನೇ ತುಂಬಿಸಿದ್ದಳು, ಊರಿನ ನೆನಪೇ ಇಲ್ಲದೆ.

ಅಪ್ಪನನ್ನು ಅಡುಗೆಮನೆಯ ಹಿಂದಕ್ಕೆ ಕರೆದಳು.

"ರಕ್ಷಿತ ಫೋನ್ ಮಾಡಿದ್ದ."

"ಎಂತದಂತೆ? ಅವನೂ ಪೇಪರ್ ಓದ್ಲಿಕ್ಕೆ ಶುರು ಮಾಡಿದ್ನಾ?"

"ಅಮ್ಮನ ಮರ ಹೋಯ್ತು, ಅಪ್ಪ."

ಸದಾನಂದರ ಕೈಯಲ್ಲಿ ಶಿರಾದ ಸೌಟು ಹಾಗೇ ಇತ್ತು. ಒಲೆಯ ಮೇಲೆ ಹಾಲು ಉಕ್ಕಿತು. ಯಾರೋ ಓಡಿ ಬಂದು ಇಳಿಸಿದರು.

"ಬುಡ?"

"ಬುಡದ ಮಣ್ಣೂ ಇಲ್ಲವಂತೆ. ಈಗ ಅಲ್ಲಿ ನೀರೇ."

"ಪಂಕ್ತೀದು ಈಗ ಬಂದ ಇವ್ರಿಗೂ ಹೇಳ್ರಿ ಸದಾನಂದಣ್ಣ, ಬರ್ರಿ!" ಹೊರಗಿನಿಂದ ರಾಮಲಿಂಗಪ್ಪ ಕೂಗಿದರು. ಅತ್ತ ತಿರುಗದೆ ಸದಾನಂದ ಮಗಳನ್ನು ಕೇಳಿದರು, "ಸಹಿ ಹಾಕಿದ್ರೆ ಮರ ಉಳೀತಿತ್ತಾ?"

"ಇಲ್ಲ ಅಪ್ಪ. ಈ ವರ್ಷದ ಸಹಿಯಿಂದ ಈ ಮರ ಉಳೀತಿರಲಿಲ್ಲ."

"ಹಾಕದೆ ಇದ್ದದ್ದರಿಂದ ಯಾವುದು ಉಳೀತು?"

ಉಕ್ಕಿ ಚೆಲ್ಲಿದ ಹಾಲನ್ನು ತೃಪ್ತಿ ಒರೆಸತೊಡಗಿದಳು.

ಸದಾನಂದ ಸೌಟನ್ನು ಕೆಳಗಿಟ್ಟರು. ಬಚ್ಚಲಿಗೆ ಹೋಗಿ, ಅಂಗಿಯನ್ನೂ ಬಿಚ್ಚದೆ, ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳತೊಡಗಿದರು. ಸಾವಿನ ಸುದ್ದಿ ಕೇಳಿದವರು ಹೀಗೆ ತಲೆಗೆ ಮೀಯಬೇಕು. ಲೀಲಾಕ್ಷಿ ತೀರಿಕೊಂಡಾಗ ಮಿಂದಿದ್ದರು. ಒಬ್ಬಳಿಗಾಗಿ ಎರಡು ಸಲ ಮೀಯುವ ಕ್ರಮ ಯಾವ ಹಿರಿಯರೂ ಹೇಳಿಕೊಟ್ಟದ್ದಲ್ಲ.

ನೀರು ಸೋರುವ ಮುಖದಲ್ಲೇ ಹೊರಬಂದು ಅವರು ಚೆಂಬನ್ನು ಮಗಳತ್ತ ಚಾಚಿದರು.

"ನೀನೂ ಮೀಯಿ."

ತೃಪ್ತಿ ಕನ್ನಡಕ ತೆಗೆದು ಕಿಟಕಿಯ ಮೇಲಿಟ್ಟು ಒಳಗೆ ಹೋದಳು.